ಗ್ರೀಕ್ ರುದ್ರನಾಟಕಕ್ಕೆ ಹಳಗನ್ನಡವೇಕೆ? ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ ಕುರಿತು

ಹುಲಿಯೂರುದುರ್ಗ ಎಂಬ ಹೆಸರಿನಲ್ಲಿಯೇ ಕನ್ನಡದ ಎರಡು ಧ್ವನಿವ್ಯತ್ಯಾಸಗಳು ಕಾಣುತ್ತವೆ: ಹಳಗನ್ನಡದ ‘ಪುಲಿ’ ‘ಹುಲಿ’ಯಾಗಿದೆ, ವ್ಯಂಜನಾಂತವಾದ ‘ಊರ್’ ಉಕಾರವನ್ನು ಪಡೆದು ‘ಊರು’ ಆಗಿದೆ. ಇದೇ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಬಿ.ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಸಂಕಲನದ ಮೂಲಕ ಹೊಸಗನ್ನಡ ಭಾವಗೀತೆಗೆ ದಾರಿ ತೆರೆದರು. ಅಂಥವರು ಸೊಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು ರೂಪಾಂತರಿಸುವಾಗ ಹಳಗನ್ನಡಕ್ಕೆ ಮರಳಿದರು. ಇದನ್ನು ಹಿನ್ನಡೆಯೆಂದು ಭಾವಿಸುವುದು ಸುಲಭ. ಆ ನಿಲುವನ್ನು ನಾವು ಒಪ್ಪುವುದಿಲ್ಲ.

ಶೀರ್ಷಿಕೆಯ ಕೊನೆಯ ನಕಾರವನ್ನೇ ಗಮನಿಸೋಣ. ಅದು ಸಂಸ್ಕೃತ ಪ್ರಾತಿಪದಿಕದ್ದೆನ್ನಬಹುದು, ಹಳಗನ್ನಡದ ಪುಲ್ಲಿಂಗ ಪ್ರತ್ಯಯವೆಂದೂ ಓದಬಹುದು. ಹೇಗೆ ಓದಿದರೂ, ‘ಬಸ್’ ಎಂಬುದನ್ನು ‘ಬಸ್ಸು’ ಮಾಡಿಕೊಳ್ಳುವ ಹೊಸಗನ್ನಡದ ಕಿವಿಗೆ ಈ ವ್ಯಂಜನಾಂತ ದೂರದ್ದೆನಿಸುತ್ತದೆ. ಆ ದೂರವೇ ಕವಿಗೆ ಬೇಕಾಗಿತ್ತೆಂಬುದು ನಮ್ಮ ವಾದ. ನಾಯಕನ ಆಯ್ಕೆಯೂ ಭಾಷಿಕವಾಗಿ ಅರ್ಥಪೂರ್ಣ: ಸೊಫೋಕ್ಲೀಸನಲ್ಲಿ ನಾಯಕನು ತನ್ನ ಹೆಸರಿನಲ್ಲಿ ಗೋಳಿನ ಉದ್ಗಾರವನ್ನು ಕೇಳುತ್ತಾನೆ, ಮಹಾಭಾರತದಲ್ಲಿ ದ್ರೋಣಪುತ್ರನಿಗೆ ಹುಟ್ಟಿದಾಗಿನ ಕುದುರೆಯಂಥ ಕೂಗಿನಿಂದ ಹೆಸರು ಬರುತ್ತದೆ.

ಗ್ರೀಕ್ ರುದ್ರನಾಟಕದ ಭಾಷೆ ಅಥೆನ್ಸಿನ ಬೀದಿಯ ಮಾತಾಗಿರಲಿಲ್ಲ. ಸಂಭಾಷಣೆಗೆ ಆಟಿಕ್ ಉಪಭಾಷೆಯೇ ತಳಹದಿಯಾದರೂ ಮೇಳಗೀತಗಳಲ್ಲಿ ಡೋರಿಕ್ ಉಪಭಾಷೆಯ ಛಾಯೆಯಿತ್ತು. ಎಂದರೆ ಅದು ರಂಗಕ್ಕೆಂದೇ ಕಟ್ಟಿದ ಕಾವ್ಯಭಾಷೆ. ಇದನ್ನು ಆಡುನುಡಿಗೆ ಹತ್ತಿರ ತರುವುದು ಗ್ರೀಸಿನಲ್ಲೂ ನಿರಾಯಾಸವಾಗಿರಲಿಲ್ಲ: 1903ರಲ್ಲಿ ಐಸ್ಕಿಲಸನ ‘ಒರೆಸ್ತೇಯ’ದ ಹೊಸ ಅನುವಾದದ ಪ್ರಯೋಗ ಅಥೆನ್ಸಿನಲ್ಲಿ ಗಲಭೆಗೆ ಕಾರಣವಾಯಿತು. ಜನಭಾಷೆಯ ಪಕ್ಷ ವಹಿಸಿದ್ದ ಕವಿ ಕೋಸ್ತಿಸ್ ಪಲಮಾಸ್ (1859–1943) ಶ್ರೀಯವರ ಹಿರಿಯ ಸಮಕಾಲೀನ. ಇಬ್ಬರೂ ಭಾವಗೀತೆಯಲ್ಲಿ ಹೊಸ ನುಡಿಯ ಪರವಾಗಿದ್ದರು. ಆದರೆ ಶ್ರೀಯವರು ಪ್ರಕಾರಕ್ಕೆ ತಕ್ಕಂತೆ ಭಾಷಾಸ್ತರವನ್ನು ಬದಲಿಸಿದರು.

ಆದರೂ ನಮಗೊಂದು ಆಕ್ಷೇಪವಿದೆ. ಹಳಗನ್ನಡವು ಗಾಂಭೀರ್ಯವನ್ನೂ ದೂರವನ್ನೂ ತಂದಿತು. ಮೂಲದಲ್ಲಿದ್ದ ಉಪಭಾಷೆಗಳ ಅಂತರವನ್ನು ತರಲಿಲ್ಲ. ಸಂಭಾಷಣೆಗೂ ಮೇಳಗೀತಕ್ಕೂ ಇರಬೇಕಾದ ಭೇದದ ಹೊರೆಯೆಲ್ಲ ಛಂದಸ್ಸಿನ ಮೇಲೆ ಬಿದ್ದಿತು. ಆದ್ದರಿಂದ ಮುಂದಿನ ಅನುವಾದಕರು ಹಳತೋ ಹೊಸತೋ ಎಂಬುದಕ್ಕಿಂತ ಮೊದಲು, ಮೂಲದಲ್ಲಿ ಎಷ್ಟು ಕನ್ನಡಗಳಿಗೆ ಎಡೆಯಿದೆ ಎಂದು ಕೇಳಿಕೊಳ್ಳಬೇಕು.