ಚಿತ್ರಕಥೆಗಳ ಸಂಗ್ರಹ ಮತ್ತು ಪರಿಗ್ರಹದ ಪ್ರಶ್ನೆ

ಬೆಂಗಳೂರಿನ ಉತ್ತರ ಭಾಗದಲ್ಲಿ ಹಳೆಯ ಮನೆಗಳು ಒಂದೊಂದಾಗಿ ನೆಲಸಮವಾಗುತ್ತಿವೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ಕಾರ್ಯಾರಂಭ ಮಾಡಿದ ಮೇಲೆ ಬಳ್ಳಾರಿ ರಸ್ತೆಯ ಇಕ್ಕೆಲಗಳ ಭೂಮಿಗೆ ಬಂದ ಬೆಲೆಯು ಹೆಬ್ಬಾಳ, ಯಲಹಂಕ, ಆರ್.ಟಿ. ನಗರಗಳ ಎಷ್ಟೋ ಹಳೆಯ ಮನೆಗಳ ಜಾಗದಲ್ಲಿ ಬಹುಮಹಡಿ ಕಟ್ಟಡಗಳನ್ನು ತಂದು ನಿಲ್ಲಿಸಿತು. ಮನೆಯನ್ನು ಬರಿದು ಮಾಡುವ ದಿನ ಅಟ್ಟದಿಂದ ಕೆಳಗಿಳಿಯುವ ವಸ್ತುಗಳ ಪೈಕಿ ತಾಮ್ರದ ಹಂಡೆಗೆ ವಾರಸುದಾರರುಂಟು. ಹಿರಿಯರ ಭಾವಚಿತ್ರಕ್ಕೆ ಹೊಸ ಮನೆಯ ಗೋಡೆಯುಂಟು. ಟ್ರಂಕಿನ ತಳದಲ್ಲಿ ಹಳದಿಗಟ್ಟಿದ ಮಕ್ಕಳ ಚಿತ್ರಕಥೆಗಳಿಗೆ ಮಾತ್ರ ಇಬ್ಬರೇ ಗಿರಾಕಿಗಳು. ಒಬ್ಬನು ತೂಕಕ್ಕೆ ಕೊಳ್ಳುವ ಗುಜರಿಯವನು. ಇನ್ನೊಬ್ಬನು ಸಂಚಿಕೆಯ ಸಂಖ್ಯೆಯನ್ನು ನೋಡಿ ಕೊಳ್ಳುವ ಸಂಗ್ರಾಹಕ. ಮೊದಲನೆಯವನ ಕೈಗೆ ಸಿಕ್ಕ ಪುಸ್ತಕ ಅಳಿಯುತ್ತದೆ, ಎರಡನೆಯವನ ಕೈಗೆ ಸಿಕ್ಕದ್ದು ಉಳಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಈ ನಂಬಿಕೆಯ ಉತ್ತರಾರ್ಧವು ಎಷ್ಟರಮಟ್ಟಿಗೆ ನಿಜವೆಂಬುದು ಪರಿಶೀಲನೆಗೆ ಯೋಗ್ಯವಾಗಿದೆ.

ಯಶವಂತಪುರದಿಂದ ಜಾಲಹಳ್ಳಿಯವರೆಗಿನ ಪ್ರದೇಶವು 1950ರ ದಶಕದಲ್ಲಿ ಕಾರ್ಖಾನೆಗಳ ನೆಲೆಯಾಯಿತು. ಎಚ್.ಎಂ.ಟಿ. 1953ರಲ್ಲಿಯೂ ಬಿ.ಇ.ಎಲ್. 1954ರಲ್ಲಿಯೂ ಸ್ಥಾಪಿತವಾದುವು. ತಿಂಗಳ ಸಂಬಳ, ಕಾಲೋನಿಯ ಒಂದೇ ಬಗೆಯ ಮನೆಗಳು, ಓದು ಕಲಿತ ಮಕ್ಕಳು, ಆ ಮಕ್ಕಳ ಪುಸ್ತಕಕ್ಕೆಂದು ಅಪರೂಪಕ್ಕೆ ಬಿಚ್ಚುವ ಜೇಬು: ಚಿತ್ರಕಥೆಯ ಮೊದಲ ತಲೆಮಾರಿನ ಓದುಗರು ಬೆಳೆದದ್ದು ಇಂತಹ ಮನೆಗಳಲ್ಲಿ. 1964ರ ಮಾರ್ಚಿಯಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯು ಇಂದ್ರಜಾಲ ಕಾಮಿಕ್ಸ್ ಮಾಲೆಯನ್ನು ಆರಂಭಿಸಿತು. ಮೊದಲ 32 ಸಂಚಿಕೆಗಳಲ್ಲಿ ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್ಮನ ಕಥೆಗಳೇ ಇದ್ದುವು. ಬಳಿಕ ಮಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ರಿಪ್ ಕರ್ಬಿ ಬಂದರು. 1976ರಲ್ಲಿ ಆಬಿದ್ ಸುರ್ತಿಯವರ ಬಹಾದೂರ್ ಎಂಬ ಭಾರತೀಯ ನಾಯಕನೂ ಬಂದನು. ಇಂಗ್ಲಿಷಿನ ಜೊತೆಗೆ ಭಾರತೀಯ ಭಾಷೆಗಳಲ್ಲಿಯೂ, ಕನ್ನಡದಲ್ಲಿಯೂ, ಮಾಲೆಯ ಸಂಚಿಕೆಗಳು ಹೊರಬಂದುವು.

ಆ ತಲೆಮಾರಿನವರನ್ನು ಸಂಗ್ರಾಹಕರೆಂದು ಕರೆಯುವುದು ಉಚಿತವಲ್ಲ. ಅವರಲ್ಲಿದ್ದುದು ಸರದಿ. ಒಬ್ಬನು ಕೊಂಡದ್ದನ್ನು ಒಂದು ಸಾಲಿನ ಮನೆಗಳ ಮಕ್ಕಳೆಲ್ಲ ಓದುತ್ತಿದ್ದರು. ಪಿನ್ನು ಕಿತ್ತುಬಂದರೆ ತಾಯಿ ಸೂಜಿದಾರದಿಂದ ಹೊಲಿಯುತ್ತಿದ್ದಳು. ಮುಖಪುಟದ ಮೇಲೆ ಶಾಯಿಯಲ್ಲಿ ಹೆಸರು, ತರಗತಿ, ಕೆಲವೊಮ್ಮೆ ಕದ್ದವರಿಗೊಂದು ಶಾಪ. ಇಂದಿನ ಮಾರುಕಟ್ಟೆಯ ಭಾಷೆಯಲ್ಲಿ ಈ ಹೊಲಿಗೆ, ಈ ಹೆಸರು, ಎಣ್ಣೆಗೈಯ ಈ ಗುರುತು ಎಲ್ಲವೂ ದೋಷಗಳು. ಒಂದೊಂದಕ್ಕೂ ಬೆಲೆಯಲ್ಲಿ ಕಡಿತವುಂಟು. ಪುಸ್ತಕವೊಂದು ತನ್ನ ಕೆಲಸವನ್ನು ಮಾಡಿದೆಯೆಂಬುದಕ್ಕೆ ಇರುವ ಸಾಕ್ಷ್ಯವನ್ನೇ ದೋಷವೆಂದು ಎಣಿಸುವ ಈ ಲೆಕ್ಕ ವಿಚಿತ್ರವಾದುದು.

ಇಲ್ಲಿ ಕನ್ನಡಿಗರು ಬಹುಮಟ್ಟಿಗೆ ಮರೆತಿರುವ ಸಂಗತಿಯೊಂದನ್ನು ಸ್ಮರಿಸಬೇಕು. ಅಮರ ಚಿತ್ರ ಕಥೆ ಎಂದೊಡನೆ 1967, ಮುಂಬಯಿ ಮತ್ತು ಅನಂತ ಪೈ ಎಂಬ ಮೂರು ಮಾತುಗಳು ಒಟ್ಟಿಗೆ ಬರುತ್ತವೆ. ಬಾಹುಬಲಿಯ ಊರಾದ ಕಾರ್ಕಳದಲ್ಲಿ 1929ರಲ್ಲಿ ಜನಿಸಿ 2011ರಲ್ಲಿ ನಿಧನರಾದ ಪೈ ಅವರ ಸಾಧನೆ ನಿರ್ವಿವಾದ. ಆದರೆ ಆ ಹೆಸರಿನ ಮೊದಲ ಪುಸ್ತಕಗಳು ಅಚ್ಚಾದದ್ದು 1965ರಲ್ಲಿ, ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸ್ ಸಂಸ್ಥೆಯಲ್ಲಿ ಪುಸ್ತಕ ಮಾರಾಟದ ಹೊಣೆ ಹೊತ್ತು ಬೆಂಗಳೂರಿನಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಸೂಚನೆಯಿಂದ ಹುಟ್ಟಿದ ಆ ಪುಸ್ತಕಗಳು ವಿದೇಶೀ ಕಾಲ್ಪನಿಕ ಕಥೆಗಳ ಚಿತ್ರರೂಪಗಳಾಗಿದ್ದುವು. ಅವುಗಳಿಗೆ ಕನ್ನಡದ ಮಕ್ಕಳಿಂದ ದೊರೆತ ಸ್ವಾಗತವೇ ಸಂಸ್ಥೆಯ ಒಡೆಯರಾದ ಜಿ.ಎಲ್. ಮೀರಚಂದಾನಿಯವರಿಗೆ ಮಾಲೆಯನ್ನು ಇಂಗ್ಲಿಷಿನಲ್ಲಿ ಮುಂದುವರಿಸುವ ಧೈರ್ಯವನ್ನಿತ್ತಿತು. ಭಾರತೀಯ ಕಥಾವಸ್ತುವಿನ ಮೊದಲ ಪುಸ್ತಕ, ರಾಮ್ ವಾಯೀರ್ಕರ್ ಚಿತ್ರಿಸಿದ ಕೃಷ್ಣನ ಕಥೆ, 11ನೆಯ ಸಂಖ್ಯೆಯನ್ನು ಪಡೆದುದಕ್ಕೆ ಹಿಂದಿನ ಆ ಹತ್ತು ಪುಸ್ತಕಗಳೇ ಕಾರಣ. ಮುಂದೆ ಮರುಮುದ್ರಣದ ಕಾಲದಲ್ಲಿ ಅದೇ ಪುಸ್ತಕಕ್ಕೆ 501ನೆಯ ಸಂಖ್ಯೆ ಬಿದ್ದಿತು. ಮೊದಲಿನ ಹತ್ತು ಪಟ್ಟಿಯಿಂದಲೇ ಜಾರಿದುವು.

ಪರಿಣಾಮವೇನು? ಮೊದಲ ಅಮರ ಚಿತ್ರ ಕಥೆಯನ್ನು ಅರಸುವ ಸಂಗ್ರಾಹಕನು 11ನ್ನು ಅರಸುತ್ತಾನೆ. ಇಂಗ್ಲಿಷಿನ ಪ್ರಥಮ ಮುದ್ರಣ ಅವನ ಕಪಾಟಿನ ಶಿಖರ. ಬೆಂಗಳೂರಿನಲ್ಲಿಯೇ ಕುಳಿತು, ಬೆಂಗಳೂರಿನಲ್ಲಿಯೇ ಬೀಜಾಂಕುರವಾದುದನ್ನು ಅವನು ಕೇಳುವುದಿಲ್ಲ. ಸಂಗ್ರಹವು ಜ್ಞಾನಕ್ಕೆ ಸಹಾಯಕವೆಂಬ ಮಾತನ್ನು ಒಪ್ಪಬಹುದಾದರೂ ಈ ಒಂದು ಪ್ರಕರಣದಲ್ಲಿ ಪಟ್ಟಿಯು ಜ್ಞಾನವನ್ನು ಆಳಿತು. ಪಟ್ಟಿಯಲ್ಲಿ ಇಲ್ಲದ್ದು ಅಟ್ಟದಿಂದ ಇಳಿದರೂ ಗುಜರಿಯ ತಕ್ಕಡಿಗೇ ಹೋಗುತ್ತದೆ.

ಎರಡನೆಯ ತಲೆಮಾರು 1980ರ ಆಚೀಚೆಯದು. ಟಿಂಕಲ್ ಪತ್ರಿಕೆ 1980ರಲ್ಲಿ ಆರಂಭವಾಯಿತು. ಬಡಾವಣೆಗಳ ಬಾಡಿಗೆ ಪುಸ್ತಕಾಲಯಗಳಲ್ಲಿ ದಿನಕ್ಕಿಷ್ಟು ಪೈಸೆಯಂತೆ ಚಿತ್ರಕಥೆ ಮನೆಗೆ ಬರುತ್ತಿತ್ತು. ಮನೆಮನೆಗೆ ದೂರದರ್ಶನ ಬಂದಿತು; ಇಂದ್ರಜಾಲವು 1990ರ ಏಪ್ರಿಲಿನಲ್ಲಿ ನಿಂತಿತು. ನಿಂತುಹೋದ ಮೇಲೆಯೇ ಸಂಗ್ರಹ ಎಂಬ ಪ್ರವೃತ್ತಿ ನಿಜವಾಗಿ ಮೊಳೆತದ್ದು. ಬಾಲ್ಯವನ್ನು ಕಳೆದುಕೊಂಡವನು ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಗಳಲ್ಲಿ, ಚರ್ಚ್ ಸ್ಟ್ರೀಟಿನ ಅಂಗಡಿಗಳ ಮೇಲಂತಸ್ತುಗಳಲ್ಲಿ ಅದನ್ನು ಹುಡುಕತೊಡಗಿದನು. ಹುಡುಕಾಟದಲ್ಲಿ ಒಂದು ಪ್ರಾಮಾಣಿಕತೆಯಿತ್ತು: ಸಿಕ್ಕ ಸಂಚಿಕೆಯನ್ನು ಬಸ್ಸಿನಲ್ಲಿಯೇ ಓದಿ ಮುಗಿಸುವವರು ಇವರು. ಆದರೆ ಇವರಲ್ಲಿಯೇ ಇನ್ನೊಂದು ಹಂಬಲವೂ ಹುಟ್ಟಿತು. ಇಂದ್ರಜಾಲದ ಒಟ್ಟು ಸಂಚಿಕೆಗಳು 803. ಐನೂರು ಉಳ್ಳವನಿಗೆ ಉಳಿದ ಮುನ್ನೂರರ ಚಿಂತೆ. ಎಂಟುನೂರು ಉಳ್ಳವನಿಗೆ ಉಳಿದ ಮೂರರ ಚಿಂತೆ ಅದಕ್ಕಿಂತ ಹೆಚ್ಚು. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ಮೂರ್ಛೆಯಲ್ಲಿ, ಅಂದರೆ ಮಮತ್ವದ ಮೈಮರೆವಿನಲ್ಲಿ, ಗುರುತಿಸಿದುದರ ಔಚಿತ್ಯ ಇಂತಹ ಕಡೆ ತಟ್ಟನೆ ಹೊಳೆಯುತ್ತದೆ. ಇಲ್ಲದ ಮೂರು ಪುಸ್ತಕಗಳು ಇರುವ ಎಂಟುನೂರನ್ನು ನುಂಗಿಬಿಡುತ್ತವೆ.

ಮೂರನೆಯ ತಲೆಮಾರು ಇಂದಿನದು. ಇದರ ಆದರ್ಶವು ಅಮೆರಿಕದಿಂದ ಬಂದಿದೆ. 1938ರಲ್ಲಿ 10 ಸೆಂಟಿಗೆ ಮಾರಾಟವಾದ, ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಆ್ಯಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆಯ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಆ ಬೆಲೆಯ ಹಿಂದೆ ಇರುವುದು ಕಥೆಯ ಗುಣಕ್ಕಿಂತ ಹೆಚ್ಚಾಗಿ ಪ್ರತಿಗಳ ನಾಶ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಮಕ್ಕಳು ಹಳೆಯ ಪುಸ್ತಕಗಳನ್ನು ಕಾಗದದ ಸಂಗ್ರಹಣೆಗೆ ಕಂತೆಕಂತೆಯಾಗಿ ಕೊಟ್ಟುದರಿಂದಲೂ, ಓದಿದ ಮೇಲೆ ಇಂತಹ ಪುಸ್ತಕಗಳನ್ನು ಎಸೆಯುವುದೇ ವಾಡಿಕೆಯಾಗಿದ್ದುದರಿಂದಲೂ ಉಳಿದವು ಅಮೂಲ್ಯವಾದುವು. 2000ದಲ್ಲಿ ಅಲ್ಲಿ ಸಿ.ಜಿ.ಸಿ. ಎಂಬ ಸಂಸ್ಥೆ ಸ್ಥಾಪನೆಯಾಯಿತು. ಅದು ಪುಸ್ತಕವನ್ನು ಪರೀಕ್ಷಿಸಿ, ಹತ್ತರವರೆಗಿನ ಅಂಕವನ್ನು ನೀಡಿ, ಗಡುಸಾದ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಮುದ್ರೆಹಾಕಿ ಮುಚ್ಚುತ್ತದೆ. ಅನಂತರ ಮುಖಪುಟ ಕಾಣುತ್ತದೆ, ಒಳಪುಟ ಕಾಣುವುದಿಲ್ಲ. ಓದಬೇಕಾದರೆ ಕವಚವನ್ನು ಒಡೆಯಬೇಕು; ಒಡೆದರೆ ಆ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ. ಇದೇ ಮಾದರಿಯನ್ನು ಬೆಂಗಳೂರಿನ ಹೊಸ ಸಂಗ್ರಾಹಕರೂ ಮೆಚ್ಚತೊಡಗಿದ್ದಾರೆ.

ಓದದೆ ಇಟ್ಟರೆ ಧನವೃದ್ಧಿ ಎಂಬ ನಂಬಿಕೆಯು ಎಷ್ಟು ಟೊಳ್ಳೆಂಬುದಕ್ಕೆ ಅದೇ ದೇಶದ ಇನ್ನೊಂದು ಉದಾಹರಣೆ ಸಾಕು. 1992ರ ನವೆಂಬರಿನಲ್ಲಿ ಸೂಪರ್‌ಮ್ಯಾನ್ ಮಾಲೆಯ 75ನೆಯ ಸಂಚಿಕೆ, ನಾಯಕನ ಸಾವಿನ ಕಥೆ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಮಾರಾಟಕ್ಕೆ ಬಂದಿತು. ಲಕ್ಷಾಂತರ ಜನ ಚೀಲವನ್ನು ಬಿಚ್ಚದೆ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟದ್ದು ವಿರಳವಾಗುವುದಾದರೂ ಹೇಗೆ? ಆ ಚೀಲಗಳು ಇಂದಿಗೂ ಅಗ್ಗವಾಗಿ ದೊರೆಯುತ್ತವೆ. ಆ ದಶಕದ ಸಟ್ಟಾವ್ಯಾಪಾರ ಕುಸಿದು, 1996ರ ಡಿಸೆಂಬರಿನಲ್ಲಿ ಮಾರ್ವೆಲ್ ಸಂಸ್ಥೆಯೇ ದಿವಾಳಿತನಕ್ಕೆ ಅರ್ಜಿ ಹಾಕಬೇಕಾಯಿತು.

ಮುಚ್ಚಿಟ್ಟ ಗ್ರಂಥದ ಅನುಭವ ಜೈನ ಸಮಾಜಕ್ಕೆ ಹೊಸದಲ್ಲ. ಮೂಡಬಿದಿರೆಯ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ತಾಡವಾಲೆಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದುವು. ಯಾತ್ರಿಕರು ನಮಸ್ಕರಿಸಿ ಹೊರಡುತ್ತಿದ್ದರು. ಓದಬಲ್ಲ ವಿದ್ವಾಂಸರಿಗೂ ಅವು ಸುಲಭವಾಗಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ತೆಗೆಯುವ ಕಾರ್ಯ ಆರಂಭವಾಗಿ, ಪಂಡಿತ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಆಗಮಗ್ರಂಥವನ್ನೂ ಫ್ಯಾಂಟಮ್ಮನ ಸಾಹಸವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಇಲ್ಲಿನ ಉದ್ದೇಶವಲ್ಲ. ಹಾಗೆ ತೂಗುವುದು ಅವಿವೇಕ. ಹೋಲಿಕೆಯಿರುವುದು ಕಾಪಾಡುವವನ ಸ್ಥಿತಿಯಲ್ಲಿ. ಅಲ್ಲಿ ಕಾಪಾಡಿದವರು ಶ್ರದ್ಧೆಯಿಂದ, ಅಪಾತ್ರರ ಕೈಗೆ ಬೀಳಬಾರದೆಂಬ ಭಯದಿಂದ ಮುಚ್ಚಿದರು. ಅವರು ಮುಚ್ಚಿಟ್ಟಿದ್ದರಿಂದಲೇ ಗ್ರಂಥ ಉಳಿಯಿತೆಂಬುದನ್ನೂ ಅಲ್ಲಗಳೆಯುವಂತಿಲ್ಲ. ಪ್ಲಾಸ್ಟಿಕ್ಕಿನ ಕವಚಕ್ಕೆ ಆ ಶ್ರದ್ಧೆಯ ಸಮರ್ಥನೆಯೂ ಇಲ್ಲ. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಅತ್ತಿಮಬ್ಬೆಯ ನಾಡಿನಲ್ಲಿ ಒಂದೇ ಪ್ರತಿಯ ಒಡೆತನಕ್ಕೆ ಹೆಮ್ಮೆಪಡುವುದು ಹೇಗೆ ಶೋಭಿಸೀತು?

ಸಂಗ್ರಹದ ವ್ಯವಹಾರದಲ್ಲಿ ಇನ್ನೂ ಒಂದು ಮುಖವುಂಟು. ಅದನ್ನು ಸಂಗ್ರಾಹಕರು ತಮ್ಮತಮ್ಮಲ್ಲಿ ವಿರಳವಾಗಿ ಚರ್ಚಿಸುತ್ತಾರೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕದ್ದ ಮಾಲನ್ನು ಕೊಳ್ಳುವ ತದಾಹೃತಾದಾನವೂ, ನಕಲಿಯನ್ನು ಅಸಲೆಂದು ಸಾಗಿಸುವ ಪ್ರತಿರೂಪಕ ವ್ಯವಹಾರವೂ ಸೇರಿವೆ. ಶಾಲೆಯ ಅಥವಾ ಸಾರ್ವಜನಿಕ ಗ್ರಂಥಾಲಯದ ಮೊಹರು ಇರುವ ಪುಸ್ತಕ, ವಿಲೇವಾರಿಯ ಮುದ್ರೆಯಿಲ್ಲದೆ, ಮಾರಾಟಕ್ಕೆ ಬಂದಾಗ ಅದು ಹೇಗೆ ಬಂದಿತೆಂದು ಕೇಳುವ ಹೊಣೆ ಕೊಳ್ಳುವವನದು. ಮರುಮುದ್ರಣವನ್ನು ಪ್ರಥಮ ಮುದ್ರಣವೆಂದು ಮಾರುವುದು ಮತ್ತೊಂದು. ಒಂದೇ ಕಥೆಗೆ ಹಳೆಯ ಸಂಖ್ಯೆಯೊಂದು, ಹೊಸ ಸಂಖ್ಯೆಯೊಂದು ಇರುವ ಅಮರ ಚಿತ್ರ ಕಥೆಯಂತಹ ಮಾಲೆಯಲ್ಲಿ ಹೊಸಬನನ್ನು ವಂಚಿಸುವುದು ಸುಲಭ. ಮೂರನೆಯದು ಇನ್ನೂ ಸೂಕ್ಷ್ಮ. ಮನೆ ಖಾಲಿ ಮಾಡುತ್ತಿರುವ ವೃದ್ಧರಿಗೆ ರದ್ದಿಯ ಬೆಲೆಗಿಂತ ಸ್ವಲ್ಪ ಹೆಚ್ಚು ಕೊಟ್ಟು, ಅದರ ನಿಜವಾದ ಬೆಲೆಯನ್ನು ತಿಳಿದೂ ತಿಳಿಸದೆ ಟ್ರಂಕನ್ನೇ ಹೊತ್ತು ತರುವುದು. ಕಾನೂನು ಇದನ್ನು ತಡೆಯುವುದು ಕಷ್ಟ. ಸಂಗ್ರಾಹಕರ ಕೂಟಗಳಲ್ಲಿ ಇದು ಜಾಣತನದ ಕಥೆಯಾಗಿ ಹೇಳಲ್ಪಡುತ್ತದೆ.

ಇಷ್ಟು ಹೇಳಿದ ಮೇಲೆ ಸಂಗ್ರಾಹಕನ ಪರವಾದ ವಾದವನ್ನೂ ನ್ಯಾಯವಾಗಿ ಮಂಡಿಸಬೇಕು. ಅದು ದುರ್ಬಲವಾದ ವಾದವಲ್ಲ. ಫ್ಯಾಂಟಮ್ಮನ ಮೂಲ ಕಥೆಗಳಲ್ಲಿ ಅವನ ನಾಡಿನ ಹೆಸರು ಬೆಂಗಾಲಾ. ಅದು ಬಂಗಾಳವನ್ನು ನೆನಪಿಸುತ್ತದೆಂದು ಇಂದ್ರಜಾಲದ ಸಂಪಾದಕರು ಅದನ್ನು ಡೆಂಕಾಲಿ ಎಂದು ಬದಲಿಸಿದರು. ವಿದೇಶೀ ಕಥೆಯೊಂದು ಭಾರತದ ಮಕ್ಕಳ ಕೈಸೇರುವಾಗ ಸಂಪಾದಕರ ಮೇಜಿನ ಮೇಲೆ ಏನೇನು ನಡೆಯಿತೆಂಬುದಕ್ಕೆ ಹಳೆಯ ಪ್ರತಿಗಳೇ ಸಾಕ್ಷಿ. ಮೂಲಕಥೆಯ ಹೊಸ ಮುದ್ರಣದಲ್ಲಿ ಅದು ಕಾಣುವುದಿಲ್ಲ. ಕನ್ನಡ ಪ್ರತಿಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ನಾಯಕನ ಗುದ್ದಿಗೆ, ಬಂದೂಕಿನ ಸದ್ದಿಗೆ, ಸಮುದ್ರಗಳ್ಳರ ಬೈಗುಳಕ್ಕೆ ಕನ್ನಡದ ಅನುವಾದಕರು ಯಾವ ಮಾತುಗಳನ್ನು ಹುಡುಕಿದರೆಂಬುದು ಭಾಷೆಯ ಚರಿತ್ರೆಯ ಭಾಗ. ಇವು ವಿಶ್ವವಿದ್ಯಾನಿಲಯಗಳು ಗಂಭೀರ ಸಾಹಿತ್ಯವೆಂದು ಸಂರಕ್ಷಿಸಿದ ಬಗೆಯವಲ್ಲ. ಯಾರಾದರೂ ಉಳಿಸಿದ್ದರೆ ಅದು ಮನೆಯೊಂದರ ಟ್ರಂಕೇ.

ಉಳಿಸುವುದೂ ಸುಲಭವಲ್ಲ. ನ್ಯೂಸ್‌ಪ್ರಿಂಟಿನಲ್ಲಿರುವ ಲಿಗ್ನಿನ್ ಬೆಳಕು ಮತ್ತು ಗಾಳಿಗೆ ಹಳದಿಯಾಗಿ, ಆಮ್ಲಾಂಶದಿಂದ ಕಾಗದ ಹಪ್ಪಳದಂತಾಗುತ್ತದೆ. ಮಳೆಗಾಲದ ತೇವಕ್ಕೆ ಪಿನ್ನು ತುಕ್ಕು ಹಿಡಿಯುತ್ತದೆ. ಅಂಟು ಮತ್ತು ಗಂಜಿಯನ್ನು ಹುಡುಕಿಕೊಂಡು ಬೆಳ್ಳಿಹುಳು ಬರುತ್ತದೆ. ಹುಳುವನ್ನು ಕೊಲ್ಲುವ ಔಷಧಕ್ಕಿಂತ ಹುಳು ಬರದಂತಹ ಒಣಕಲು ಜಾಗವೇ ಲೇಸೆಂದು ಗ್ರಂಥಪಾಲಕರೂ ಹೇಳುತ್ತಾರೆ. ಬಸದಿಯ ಭಂಡಾರಗಳಲ್ಲಿ ವಸ್ತ್ರದಲ್ಲಿ ಸುತ್ತಿ, ಆಗಾಗ ಬಿಚ್ಚಿ, ಒರಸಿ ಇಡುತ್ತಿದ್ದ ಪದ್ಧತಿಯ ಅರ್ಥವೂ ಅದೇ. ಬಿಚ್ಚುವುದು ಆ ಪದ್ಧತಿಯ ಅಂಗವಾಗಿತ್ತೆಂಬುದನ್ನು ಮಾತ್ರ ಹೊಸ ಸಂಗ್ರಾಹಕರು ಗಮನಿಸಿಲ್ಲ.

ಶ್ರಾವಕನಿಗೆ ವಿಧಿಸಿರುವುದು ಸರ್ವತ್ಯಾಗವಲ್ಲ, ಪರಿಮಾಣ. ಎಂಟುನೂರು ಪುಸ್ತಕ ಹೆಚ್ಚೋ ಎಂಬತ್ತು ಹೆಚ್ಚೋ ಎಂಬ ಎಣಿಕೆಗಿಂತ, ಆ ಪುಸ್ತಕಗಳನ್ನು ಕಳೆದ ಒಂದು ವರ್ಷದಲ್ಲಿ ಎಷ್ಟು ಮಂದಿ ಓದಿದರೆಂಬ ಎಣಿಕೆ ಹೆಚ್ಚು ಉಪಯುಕ್ತ. ಬಾಡಿಗೆ ಪುಸ್ತಕಾಲಯದ ಮಾಲೀಕನ ಹಳೆಯ ವಹಿಯಲ್ಲಿ ಈ ಲೆಕ್ಕವಿರುತ್ತಿತ್ತು. ಸಂಗ್ರಾಹಕನ ಪಟ್ಟಿಯಲ್ಲಿ ಆ ಅಂಕಣವೇ ಇಲ್ಲ.

ಬಸದಿಗಳ ಟ್ರಸ್ಟುಗಳು ನಡೆಸುವ ಗ್ರಂಥಾಲಯಗಳು ಇಲ್ಲಿ ಸ್ವಲ್ಪ ಕೆಲಸ ಮಾಡಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ವಿಧಿಯು ಲಾಭೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯಕ್ಕೆ, ಭಾರತದಲ್ಲಿ ಮಾರಾಟಕ್ಕೆ ದೊರೆಯದ ಪುಸ್ತಕದ ಮೂರಕ್ಕೆ ಮೀರದ ಪ್ರತಿಗಳನ್ನು ತನ್ನ ಉಪಯೋಗಕ್ಕಾಗಿ ಮಾಡಿಸಿಕೊಳ್ಳುವ ಅವಕಾಶವನ್ನಿತ್ತಿದೆ. 1965ರ ಕನ್ನಡ ಪುಸ್ತಕಗಳಲ್ಲೊಂದು ಆರ್.ಟಿ. ನಗರದ ಅಟ್ಟವೊಂದರಲ್ಲಿ ಇದ್ದರೆ, ಮೂಲವು ಮನೆಯವರಲ್ಲಿಯೇ ಇರಲಿ. ಪ್ರತಿ ಮೂರು ಆಗಲಿ. ಒಂದನ್ನು ಮಕ್ಕಳ ಕೈಗೆ ಎಟುಕುವ ಕಪಾಟಿನಲ್ಲಿಟ್ಟು, ಹರಿದರೆ ಹೊಲಿಯುವುದು. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಮನೆಯ ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಒರಸಿ, ಹೊಸ ವಸ್ತ್ರ ಹೊದಿಸುವ ರೂಢಿಯಿರುವ ಮನೆಗಳಲ್ಲಿ ಮರುದಿನ ಅಟ್ಟದ ಟ್ರಂಕನ್ನೂ ಇಳಿಸಬಹುದು. ಹಾಗೆ ಇಳಿಸಿದ ಚಿತ್ರಕಥೆಗಳನ್ನು ಬಿಸಿಲಿಗೆ ಹರಡಬಾರದು, ನೆರಳಿನಲ್ಲಿ ಗಾಳಿಗೆ ಇಟ್ಟರೆ ಸಾಕು. ಅಂದು ಮಕ್ಕಳು ಸುತ್ತ ಕುಳಿತರೆ ಓಡಿಸುವ ಕಾರಣವಿಲ್ಲ.