ಹೇತ್ವಾಭಾಸವೂ ನಾಲ್ಕು ಉತ್ತರಗಳೂ

ಅಧ್ಯಾಪಕತ್ವದ ಅರ್ಹತೆಗಾಗಿ ನಡೆಯುವ ನೆಟ್ ಪರೀಕ್ಷೆಯ ಮೊದಲನೆಯ ಪತ್ರಿಕೆಯಲ್ಲಿ ೨೦೧೯ರಿಂದ ವ್ಯಾಪ್ತಿ, ಹೇತ್ವಾಭಾಸಗಳೂ ಸೇರಿರುವುದು ಸಂತೋಷದ ಸಂಗತಿ. ಸಂಸ್ಕೃತ ಪಾಠಶಾಲೆಯ ಮೆಟ್ಟಲನ್ನು ತುಳಿಯದವರೂ ಈಗ ಸವ್ಯಭಿಚಾರ, ಅಸಿದ್ಧ ಮೊದಲಾದ ಹೆಸರುಗಳನ್ನು ಕಲಿಯುವರು. ಆದರೆ ವಾಕ್ಯವೊಂದನ್ನು ಕೊಟ್ಟು, ನಾಲ್ಕು ಹೆಸರುಗಳಲ್ಲಿ ಒಂದನ್ನು ಆರಿಸೆನ್ನುವ ಕ್ರಮವು ಈ ಶಾಸ್ತ್ರಕ್ಕೆ ಎಷ್ಟರಮಟ್ಟಿಗೆ ಹೊಂದುವುದೆಂಬುದು ವಿಚಾರಾರ್ಹವಾಗಿದೆ.

ತರ್ಕಸಂಗ್ರಹದ ಉದಾಹರಣೆಯನ್ನೇ ನೋಡಬಹುದು: ಪರ್ವತದಲ್ಲಿ ಹೊಗೆಯುಂಟು, ಬೆಂಕಿಯಿರುವುದರಿಂದ. ಹಸಿ ಸೌದೆಯ ಸಂಯೋಗವು ಇಲ್ಲಿ ಉಪಾಧಿಯಾದುದರಿಂದ ಇದು ವ್ಯಾಪ್ಯತ್ವಾಸಿದ್ಧ. ಕಾದ ಕಬ್ಬಿಣದಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲದುದರಿಂದ ಸವ್ಯಭಿಚಾರವೂ ಅಹುದು. ಒಂದೇ ಹೇತುವಿನಲ್ಲಿ ಹಲವು ದೋಷಗಳು ಕೂಡಿರಬಹುದೆಂದು ನೈಯಾಯಿಕರೇ ಒಪ್ಪಿರುವರು. ಈ ಎರಡು ಹೆಸರುಗಳನ್ನೂ ಒಂದೇ ಪ್ರಶ್ನೆಯ ಕೆಳಗೆ ಅಚ್ಚುಮಾಡಿದಲ್ಲಿ ಬಾಯಿಪಾಠದವನು ಗೆಲ್ಲುವನು, ಆಲೋಚಿಸಿದವನು ತಡವರಿಸುವನು.

ಹೆಸರಿಗಿಂತ ಮುಖ್ಯವಾದುದು ವ್ಯಾಪ್ತಿಯು ಎಲ್ಲಿ ಮುರಿಯಿತೆಂಬುದು. ನಂಜನಗೂಡಿನ ಸ್ನಾನಘಟ್ಟದಲ್ಲಿ ನಿಂತವನೊಬ್ಬನು, ಕಪಿಲೆಯು ತುಂಬಿರುವುದರಿಂದ ಮೇಲೆ ವೈನಾಡಿನಲ್ಲಿ ಈಗ ಮಳೆಯಾಗಿದೆ ಎನ್ನುವನೆಂದು ಇಟ್ಟುಕೊಳ್ಳೋಣ. ಬೀಚನಹಳ್ಳಿಯ ಕಟ್ಟೆಯಿಂದ ನೀರು ಬಿಟ್ಟರೂ ಹೊಳೆ ತುಂಬುವುದು. ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಿಯಂತೂ ಸಂದೇಹವು ಇಮ್ಮಡಿ. ಕನ್ನಂಬಾಡಿಯ ಕಟ್ಟೆಯೂ ಕಾರಣವಾಗಬಹುದು. ಮಳೆ ದಿಟವಾಗಿಯೇ ಬಂದಿರಬಹುದು. ಆದರೂ ಆ ಹೇತುವು ಅದನ್ನು ಸಾಧಿಸಲಿಲ್ಲ. ಸಾಧ್ಯವು ನಿಜವಾದೊಡನೆ ಹೇತುವೂ ಸರಿಯೆಂಬ ಈ ಭ್ರಾಂತಿಯೇ ಪರೀಕ್ಷಿಸತಕ್ಕದ್ದು.

ಆಕ್ಷೇಪವು ಹಳೆಯದು. ಅಡ್ಡಗಟ್ಟಿದರೂ ಹೊಳೆ ತುಂಬುವುದರಿಂದ ಅನುಮಾನವೇ ಪ್ರಮಾಣವಲ್ಲವೆಂದು ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಪೂರ್ವಪಕ್ಷವಿದೆ. ಬರಿಯ ತುಂಬುವಿಕೆಯು ಹೇತುವಲ್ಲವೆಂಬುದೇ ಸಮಾಧಾನ. ವೇಗದಿಂದ ನೊರೆ, ಎಲೆ, ಕಾಯಿ, ಕಟ್ಟಿಗೆಗಳನ್ನು ಹೊತ್ತುಬರುವ ಪ್ರವಾಹವೇ ಹೇತುವೆಂದು ವಾತ್ಸ್ಯಾಯನನ ವಿವರಣೆ. (ಕಟ್ಟೆಯು ಕಟ್ಟಿಗೆಯನ್ನು ತಡೆಯುವ ಈ ಕಾಲದಲ್ಲಿ ಆ ಗುರುತನ್ನೂ ಮರಳಿ ಪರಿಶೀಲಿಸಬೇಕಾಗುವುದು.) ತಪ್ಪು ಅನುಮಿಸಿದವನದು, ಅನುಮಾನದ್ದಲ್ಲ. ಒಂದು ವಿಶೇಷಣವು ಸೇರಿದೊಡನೆ ದುಷ್ಟಹೇತುವು ಸದ್ಧೇತುವಾಗುವ ಈ ಸೂಕ್ಷ್ಮವು ನಾಲ್ಕು ಹೆಸರುಗಳ ಪಟ್ಟಿಯಲ್ಲಿ ಕಾಣಿಸದು.

ಹೆಸರುಗಳಾದರೂ ಎಲ್ಲರಿಗೂ ಸಮ್ಮತವೆ? ನರಸೀಪುರ ತಾಲ್ಲೂಕಿನ ಬನ್ನೂರಿನಲ್ಲಿ ಜನಿಸಿದ ವ್ಯಾಸತೀರ್ಥರು ತರ್ಕತಾಂಡವದಲ್ಲಿ ನೈಯಾಯಿಕರ ಲಕ್ಷಣಗಳನ್ನೇ ಖಂಡಿಸಿರುವರು. ಅದಕ್ಕೆ ನ್ಯಾಯದೀಪವೆಂಬ ವ್ಯಾಖ್ಯಾನವನ್ನು ರಚಿಸಿದವರು ರಾಘವೇಂದ್ರತೀರ್ಥರು. ಆ ಪರಂಪರೆಯಲ್ಲಿ ದೋಷಗಳ ವಿಭಾಗವು ವಿರೋಧ, ಅಸಂಗತಿ ಎಂದು ಬೇರೆಯೇ ಆಗಿದೆ. ಸೋಸಲೆಯ ಮಠದಲ್ಲಿಯೋ ನಂಜನಗೂಡಿನ ಮಠದಲ್ಲಿಯೋ ಪಾಠವಾದ ವಿದ್ಯಾರ್ಥಿಯು ಈ ಪರೀಕ್ಷೆಗೆ ಕುಳಿತರೆ, ‘ಯಾರ ಮತದಲ್ಲಿ?’ ಎಂದು ಮೊದಲು ಕೇಳಬೇಕಾಗುವುದು. ಉತ್ತರಪತ್ರದಲ್ಲಿ ಅದಕ್ಕೆ ಎಡೆಯಿಲ್ಲ.