ಇನ್ನೊಂದು ಐವತ್ತು ಅಡಿ

2020ರ ಜೂನ್ 27, ಶನಿವಾರ. ಲಾಕ್‌ಡೌನ್ ಪುಣ್ಯದಿಂದ ಬೆಂಗಳೂರಿನ ಬಾಡಿಗೆ ರೂಮು ಬಿಟ್ಟು ಟೇಕಲ್ ಹತ್ತಿರದ ನಮ್ಮೂರಲ್ಲಿ ಕೂತಿದ್ದೆ. ಮನೆಯೊಳಗೆ ನೆಟ್‌ವರ್ಕ್ ಸಿಗಲ್ಲ. ಮಾಳಿಗೆ ಮೇಲೆ ನೀರಿನ ಟ್ಯಾಂಕ್ ಪಕ್ಕ ಕೂತರೆ ಎರಡು ಕಡ್ಡಿ ಬರುತ್ತೆ. ಅಲ್ಲಿ ಕೂತು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿಂದ ಒಂದು ದೊಡ್ಡ ನಕ್ಷೆ ಬರೀತಿದ್ದೆ. ನಾಲ್ಕು ಕುಟುಂಬ, ಬಾಣದ ಗುರುತುಗಳು, ಕೆಂಪು ಶಾಯಿಯಲ್ಲಿ ಪ್ರಶ್ನೆ ಚಿಹ್ನೆಗಳು. ರಾಗಿ ಒಣಹಾಕೋಕೆ ಮೇಲೆ ಬಂದ ಅಪ್ಪ ಬಗ್ಗಿ ನೋಡಿದರು.

"ಯಾರ ಮನೆ ವಂಶವೃಕ್ಷನೋ ಇದು? ಪೌತಿ ಖಾತೆ ಮಾಡ್ಸೋಕಾ?"

ಹಳ್ಳಿಯಲ್ಲಿ ವಂಶವೃಕ್ಷ ಅನ್ನೋದು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ತಗೊಳ್ಳೋ ಕಾಗದ. ಯಾರು ಸತ್ತರು, ಯಾರಿಗೆಷ್ಟು ಜಮೀನು ಅಂತ ತೀರ್ಮಾನ ಮಾಡೋಕೆ. ನಾನು ಬರೀತಿದ್ದದ್ದು ಜರ್ಮನಿಯ ವಿಂಡನ್ ಅನ್ನೋ ಇಲ್ಲದ ಊರಿನ ವಂಶವೃಕ್ಷ. ಅವತ್ತು ನೆಟ್‌ಫ್ಲಿಕ್ಸಿನಲ್ಲಿ 'ಡಾರ್ಕ್' ಧಾರಾವಾಹಿಯ ಮೂರನೇ, ಅಂದರೆ ಕೊನೆಯ ಸೀಸನ್ ಬಂದಿತ್ತು. ಕಥೆಯಲ್ಲಿ ಲೋಕ ಮುಳುಗೋ ದಿನವೂ ಅದೇ ಜೂನ್ 27, 2020. ಮಾಸ್ಕ್ ಹಾಕ್ಕೊಂಡು ನೋಡ್ತಿದ್ದ ನಮಗೆ ಅದು ಬರೀ ಪ್ರಚಾರದ ಗಿಮಿಕ್ ಅನ್ನಿಸಲಿಲ್ಲ ಬಿಡಿ.

(ಇಲ್ಲಿಂದ ಮುಂದೆ ಕಥೆಯೆಲ್ಲ ಹೇಳಿಬಿಡ್ತೀನಿ. ನೋಡಿರದವರು ಬೇಕಿದ್ದರೆ ನೋಡಿಕೊಂಡು ಬನ್ನಿ, ಒಟ್ಟು 26 ಕಂತು.)

ಬಾರನ್ ಬೋ ಓಡರ್ ಮತ್ತು ಯಾಂಟ್ಯೆ ಫ್ರೀಸ ಸೇರಿ ಮಾಡಿದ ಈ ಧಾರಾವಾಹಿ 2017ರ ಡಿಸೆಂಬರ್‌ನಲ್ಲಿ ಶುರುವಾಯ್ತು. ಅಣುಸ್ಥಾವರ ಇರೋ ಸಣ್ಣ ಊರು, ಕಾಡಿನೊಳಗೊಂದು ಗುಹೆ, ಕಾಣೆಯಾಗೋ ಹುಡುಗರು. ಗುಹೆಯೊಳಗಿನ ದಾರಿ 33 ವರ್ಷ ಹಿಂದಕ್ಕೆ ಅಥವಾ ಮುಂದಕ್ಕೆ ಕರಕೊಂಡು ಹೋಗುತ್ತೆ: 1953, 1986, 2019. ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಇದೇ ಮಾತು. ಗುಂಪಿನಲ್ಲಿ ಬಂಗಾರಪೇಟೆ ಕಡೆಯವನೊಬ್ಬ ಇದ್ದ. ಅವನ ವಾದ, ಇಂಡಿಯಾದಲ್ಲಿ ಇಂಥ ಗುಹೆ ಇದ್ದರೆ ಅದು ಕೆಜಿಎಫ್‌ನಲ್ಲೇ ಇರಬೇಕು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿ, 2001ರಲ್ಲಿ ಬಾಗಿಲು ಹಾಕಿ ಅರ್ಧ ಸತ್ತಂತಿರೋ ಊರು, ಮೇಲಾಗಿ 1965ರಲ್ಲಿ ಅದೇ ಗಣಿಯೊಳಗೆ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೋ ಪತ್ತೆ ಮಾಡಿದ್ದರು. ಇನ್ನೇನು ಬೇಕು?

ನಮ್ಮ ಥಿಯರಿಗಳಲ್ಲಿ ಹೆಚ್ಚಿನವು ತಪ್ಪಾದವು. ಆದರೆ ತಪ್ಪಾದ ರೀತಿ ಮಜವಾಗಿತ್ತು. ಮೊದಲ ಸೀಸನ್ ಮುಗಿದಾಗ ಲೋಕಕ್ಕೆಲ್ಲ ಹಬ್ಬಿದ್ದ ಥಿಯರಿ, ನೋವಾ ಅನ್ನೋ ಪಾದ್ರಿ ಬೇರೆ ಯಾರೂ ಅಲ್ಲ, ದೊಡ್ಡವನಾದ ಬಾರ್ಟೋಶ್ ಅಂತ. ನಾನೂ ಬೆಟ್ ಕಟ್ಟಿದ್ದೆ. ಕೊನೆಗೆ ನೋಡಿದರೆ ಬಾರ್ಟೋಶ್ ನೋವಾನ ಅಪ್ಪ! ಒಂದು ತಲೆಮಾರು ಆಚೀಚೆ ಆಗಿತ್ತು, ಅಷ್ಟೇ. ಪ್ರೋಗ್ರಾಮಿಂಗಿನಲ್ಲಿ ಇಂಥದ್ದಕ್ಕೆ ಆಫ್ ಬೈ ಒನ್ ಅಂತೀವಿ. ಇನ್ನು ಷಾರ್ಲೊಟ್ ಮತ್ತು ಎಲಿಜಬೆತ್ ಒಬ್ಬರಿಗೊಬ್ಬರು ತಾಯಿಯೂ ಹೌದು, ಮಗಳೂ ಹೌದು. ಶುದ್ಧ ಸರ್ಕ್ಯುಲರ್ ಡಿಪೆಂಡೆನ್ಸಿ. ನಾನು ಬರೆದ ಕೋಡಿನಲ್ಲಿ ಹೀಗಾದರೆ ಬಿಲ್ಡೇ ಆಗಲ್ಲ, ಅಲ್ಲಿ ಮೂರು ಸೀಸನ್ ಓಡಿತು.

ಇದರ ನಡುವೆ ಪ್ರತಿ ಗುಂಪಿನಲ್ಲೂ ಒಬ್ಬರು ಇರ್ತಾರಲ್ಲ, "ಇದೆಲ್ಲಾ ನಮ್ಮ ಪುರಾಣದಲ್ಲಿ ಆಗಲೇ ಇದೆ" ಅನ್ನೋರು. ಅವರ ಸಾಕ್ಷಿ ಯಾವಾಗಲೂ ಭಾಗವತದ ಕಕುದ್ಮಿ ರಾಜ. ಮಗಳು ರೇವತಿಗೆ ಗಂಡು ಯಾರು ಅಂತ ಕೇಳೋಕೆ ಬ್ರಹ್ಮಲೋಕಕ್ಕೆ ಹೋಗ್ತಾನೆ. ಅಲ್ಲಿ ಸಂಗೀತ ಮುಗಿಯೋವರೆಗೆ ಸ್ವಲ್ಪ ಕಾದಿದ್ದಷ್ಟೇ, ಭೂಮಿ ಮೇಲೆ 27 ಚತುರ್ಯುಗ ಕಳೆದುಹೋಗಿರುತ್ತೆ. ಒಳ್ಳೇ ಕಥೆ, ನನಗೂ ಇಷ್ಟ. ಆದರೆ ಅದು 'ಡಾರ್ಕ್' ಕಥೆ ಅಲ್ಲ. ಕಕುದ್ಮಿ ಮುಂದಕ್ಕೆ ಹೋಗ್ತಾನೆ, ಹಿಂದಕ್ಕೆ ಬಂದು ಏನನ್ನೂ ಸರಿಮಾಡೋಕೆ ನೋಡಲ್ಲ. ಹೆಚ್ಚೇನು, ನಾನು ಕೇಳಿ ಬೆಳೆದ ಪುರಾಣದ ಕಥೆಗಳಲ್ಲಿ ಆಗಿಹೋದದ್ದನ್ನು ತಿದ್ದೋಕೆ ಹಿಂದಕ್ಕೆ ಹೊರಟವರು ನೆನಪಿಗೇ ಬರ್ತಿಲ್ಲ. ಆಗೋದನ್ನು ಮೊದಲೇ ತಿಳಿದುಕೊಂಡು ತಪ್ಪಿಸೋಕೆ ಹೊರಟವರು ಮಾತ್ರ ಸಾಲುಸಾಲು ಇದ್ದಾರೆ. ಆಕಾಶವಾಣಿ ಕೇಳಿಸದೇ ಇದ್ದಿದ್ದರೆ ಕಂಸ ತಂಗಿಯನ್ನು ಪ್ರೀತಿಯಿಂದ ಗಂಡನ ಮನೆಗೆ ಬಿಟ್ಟುಬರ್ತಿದ್ದ.

ನನಗೆ ಹತ್ತಿರದ ಹೋಲಿಕೆ ಪರೀಕ್ಷಿತ. ಏಳು ದಿನದಲ್ಲಿ ತಕ್ಷಕ ಕಚ್ಚಿ ಸಾಯ್ತೀಯ ಅಂತ ಶಾಪ. ಒಂಟಿ ಕಂಬದ ಮಹಲು ಕಟ್ಟಿಸಿ ಸುತ್ತ ಕಾವಲು ಹಾಕ್ತಾನೆ. ಏಳನೇ ದಿನ ಸಂಜೆ ಹಣ್ಣಿನೊಳಗೊಂದು ಹುಳ ಕಾಣುತ್ತೆ. ಸೂರ್ಯ ಮುಳುಗ್ತಿದೆ, ಗೆದ್ದೆ ಅನ್ನೋ ಧೈರ್ಯ. ಶಾಪದ ಮಾತು ಸುಳ್ಳಾಗೋದು ಬೇಡ, ಈ ಹುಳವೇ ಕಚ್ಚಲಿ ಅಂತ ನಗ್ತಾ ಅದನ್ನು ತಾನೇ ಎತ್ತಿ ಕುತ್ತಿಗೆ ಮೇಲೆ ಇಟ್ಟುಕೊಳ್ತಾನೆ. ಅದೇ ತಕ್ಷಕ.

ಈಗ 'ಡಾರ್ಕ್' ಎರಡನೇ ಸೀಸನ್ನಿನ ಆರನೇ ಕಂತು ನೆನಪು ಮಾಡಿಕೊಳ್ಳಿ. ಯೋನಾಸ್‌ನ ಅಪ್ಪ ಮೈಕೆಲ್ 2019ರ ಜೂನ್ 21ರಂದು ನೇಣು ಹಾಕ್ಕೊಂಡಿರ್ತಾನೆ. ಮಗ ಅದನ್ನು ತಪ್ಪಿಸೋಕೆ ಹಿಂದಿನ ದಿನಕ್ಕೆ ಹೋಗ್ತಾನೆ. ಅಪ್ಪನ ಮುಂದೆ ಕೂತು ಅಳ್ತಾ ಎಲ್ಲ ಹೇಳ್ತಾನೆ: ನೀನು ಸತ್ತೆ, ಒಂದು ಪತ್ರ ಬರೆದಿಟ್ಟೆ, ದಯವಿಟ್ಟು ಹಾಗೆ ಮಾಡಬೇಡ. ಮೈಕೆಲ್ ಮುಖ ನೋಡಬೇಕು ಆಗ. ಅವನಿಗೆ ಸಾಯೋ ಯೋಚನೆಯೇ ಇರಲಿಲ್ಲ. ಆ ಯೋಚನೆ ಹುಟ್ಟಿಸಿದ್ದು ಮಗ. ಹುಳವನ್ನು ಕೈಯಾರೆ ಎತ್ತಿ ಅಪ್ಪನ ಕುತ್ತಿಗೆ ಮೇಲೆ ಇಟ್ಟ.

ನಾವು ಥಿಯರಿ ಕಟ್ಟೋರು ಈ ಕಂತನ್ನು ಹೇಗೆ ನೋಡಿದ್ವಿ ಅಂತೀರಾ? "ಹಾಗಾದರೆ ಪತ್ರ ಮೊದಲು ಬರೆದದ್ದು ಯಾರು?" ಅಂತ. ನಕ್ಷೆಯಲ್ಲಿ ಇನ್ನೊಂದು ಬಾಣ ಹಾಕಿದ್ವಿ. ಅಪ್ಪ ಮಗ ಎದುರುಬದುರು ಕೂತ ಒಂದು ದೃಶ್ಯವನ್ನು ಡೇಟಾ ಅಂತ ಓದಿಬಿಟ್ವಿ. ಫ್ಯಾನ್ ಥಿಯರಿಗಳ ಬಗ್ಗೆ ನನ್ನ ತಕರಾರು ಇಷ್ಟೇ. ತಪ್ಪು ಉತ್ತರ ಕೊಡ್ತವೆ ಅಂತಲ್ಲ, ಪ್ರಶ್ನೆಯನ್ನೇ ಬೇರೆ ಕಡೆ ತಿರುಗಿಸಿಬಿಡ್ತವೆ. ಹೇಗೆ ಆಯ್ತು ಅಂತ ಕೇಳ್ತಾ ಕೇಳ್ತಾ ಯಾರಿಗೆ ಆಯ್ತು ಅನ್ನೋದು ಮರೆತುಹೋಗುತ್ತೆ.

ಇದನ್ನು ಬೇರೆಯವರ ಮೇಲೆ ಹೊರಿಸೋಕೆ ಹೇಳ್ತಿಲ್ಲ. ನಾನು ಬೆಳೆದದ್ದೇ ಥಿಯರಿ ಕಟ್ಟೋ ಊರಲ್ಲಿ.

2005ರಲ್ಲಿ ಅಪ್ಪ ಮೂರನೇ ಬೋರು ಕೊರೆಸಿದರು. ಮೊದಲೆರಡು ಫೇಲ್ ಆಗಿದ್ದವು. ತೆಂಗಿನಕಾಯಿ ಅಂಗೈಯಲ್ಲಿಟ್ಟು ನೀರು ನೋಡೋರು ಬಂದು, ಹೊಲದ ಮೂಡಣ ಮೂಲೆಯಲ್ಲಿ ಕಾಯಿ ಎದ್ದು ನಿಂತಿತು ಅಂತ ಪಾಯಿಂಟ್ ಹಾಕಿದರು. ತಿರುಚೆಂಗೋಡಿನ ರಿಗ್ ಲಾರಿ ರಾತ್ರಿಯೆಲ್ಲ ಕೊರೀತು. ಕಲ್ಲಿಗೆ ಹೆಸರಾದ ಸೀಮೆ ನಮ್ಮದು, ಬಂದದ್ದು ಬರೀ ಬಿಳಿ ಧೂಳು. ಬೆಳಗಿನ ಜಾವಕ್ಕೆ 1,100 ಅಡಿ ಆಗಿತ್ತು, ಅಡಿ ಲೆಕ್ಕದಲ್ಲಿ ದುಡ್ಡು ಏರ್ತಾ ಇತ್ತು. ಅಪ್ಪ ಸಾಕು ಅಂದರು. ಎರಡು ತಿಂಗಳಾದ ಮೇಲೆ ಪಕ್ಕದ ಹೊಲದವರು ಬದುವಿನ ಆಚೆ ಕೊರೆಸಿದರು. 1,150 ಅಡಿಗೆ ಎರಡಿಂಚು ನೀರು.

ಆಮೇಲೆ ವರ್ಷಗಟ್ಟಲೆ ನಮ್ಮೂರ ಅರಳೀಕಟ್ಟೆ ಮೇಲೆ ಇದೇ ಧಾರಾವಾಹಿ. "ಇನ್ನೊಂದು ಐವತ್ತು ಅಡಿ ಬಿಟ್ಟಿದ್ದರೆ..." "ಪಾಯಿಂಟೇ ಸರಿ ಇರಲಿಲ್ಲ, ಹತ್ತು ಮಾರು ಪಡುವಣಕ್ಕೆ ಹೋಗಬೇಕಿತ್ತು." "ಅವತ್ತು ಅಮಾವಾಸ್ಯೆ ಕಣಪ್ಪ." ಕೆಲವರು ಬರೀ ತೆಲುಗಿನಲ್ಲಿ ತಲರಾತ ಅಂದು ಬೀಡಿ ಹಚ್ಚೋರು. ಅಪ್ಪ ಎಲ್ಲರ ಥಿಯರಿಯನ್ನೂ ಶ್ರದ್ಧೆಯಿಂದ ಕೇಳೋರು, ತಮ್ಮದೊಂದು ಸೇರಿಸೋರು. ರಸ್ತೆ ಪಕ್ಕದ ಒಂದೆಕರೆ ಮಾರಿ ಸಾಲ ತೀರಿಸಿದರು. ಉಳಿದ ದುಡ್ಡು ನನ್ನ ಬಿಇ ಫೀಸಿಗೆ ಹೋಯ್ತು. ನೀರು ಬಂದಿದ್ದರೆ ಜಮೀನು ಮಾರ್ತಿರಲಿಲ್ಲ, ನಾನು ಟೊಮೇಟೊ ಕ್ರೇಟು ಎತ್ತಿಕೊಂಡು ಕೋಲಾರದ ಮಾರ್ಕೆಟ್ಟಿನಲ್ಲಿ ಇರ್ತಿದ್ದೆ. ಐವತ್ತು ಅಡಿ ಕಲ್ಲಿನ ಮೇಲೆ ನಿಂತಿದೆ ನನ್ನ ಐಡಿ ಕಾರ್ಡು.

(ಇನ್ನೊಂದು ತಮಾಷೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಬಿಡ್ತಿದ್ದಾರೆ. ನೀರಿಲ್ಲ ಅಂತ ಊರು ಬಿಟ್ಟವರು ಬೆಂಗಳೂರಲ್ಲಿ ಸ್ನಾನ ಮಾಡಿದ ನೀರು ಮತ್ತೆ ಅದೇ ಜಿಲ್ಲೆಗೆ. ಯಾಂಟ್ಯೆ ಫ್ರೀಸ ಕೂಡ ಇಷ್ಟು ಚೆನ್ನಾಗಿ ಗಂಟು ಹಾಕಿಲ್ಲ.)

ಹೀಗಾಗಿ ಮೂರನೇ ಸೀಸನ್ನಿಗೆ ನಾನು ಕಾಯ್ತಿದ್ದದ್ದು ಬರೀ ಒಗಟು ಬಿಡಿಸೋಕೆ ಅಲ್ಲ. ಹಣೆಬರಹವನ್ನು ತಿದ್ದೋಕೆ ಆಗುತ್ತೋ ಇಲ್ಲವೋ, ಅದಕ್ಕೆ ಈ ಜನ ಏನು ಹೇಳ್ತಾರೆ ನೋಡೋಣ ಅಂತ. ಸೀಸನ್ನು ಅರ್ಧ ನಿರಾಸೆ ಮಾಡಿತು. ಅಭಿಮಾನಿಗಳ ಪ್ರಶ್ನೆಗೆಲ್ಲ ಉತ್ತರ ಕೊಡಬೇಕು ಅನ್ನೋ ಒತ್ತಡ ಎದ್ದು ಕಾಣುತ್ತೆ. ಇನ್ನೊಂದು ಲೋಕ ಬಂತು, ಅಲ್ಲಿ ಎಲ್ಲರ ಪ್ರತಿರೂಪ ಬಂತು, ಇದ್ದ ಮನುಷ್ಯರ ಪಕ್ಕ ಕೂರೋಕೆ ಪುರುಸೊತ್ತೇ ಇಲ್ಲದಂತಾಯ್ತು. ಕೊನೇ ಕಂತಿನಲ್ಲಿ ಕ್ಲೌಡಿಯಾ ಆಡಮ್‌ಗೆ ಎಲ್ಲವನ್ನೂ ವಿವರಿಸೋ ದೃಶ್ಯ ಅಂತೂ, ಪ್ರೊಡಕ್ಷನ್ ಬಿದ್ದ ಮಾರನೇ ದಿನ ಮ್ಯಾನೇಜರ್ ರೂಟ್ ಕಾಸ್ ಓದಿದ ಹಾಗಿದೆ. ಮೂರು ವರ್ಷ ಮುಚ್ಚಿಟ್ಟದ್ದನ್ನು ಹೀಗಾ ಬಿಚ್ಚೋದು?

ಆದರೆ ಬಹಳ ಜನ ಬೈದ ವಿಷಯವೊಂದನ್ನು ನಾನು ಒಪ್ಪಿಕೊಂಡೆ. ಲೋಕ ಮುಳುಗೋ ಕ್ಷಣದಲ್ಲಿ ಕಾಲ ಒಂದು ಗಳಿಗೆ ನಿಲ್ಲುತ್ತೆ, ಆ ಸಂದಿಯಲ್ಲಿ ಮಾತ್ರ ಗಂಟು ಬಿಚ್ಚಬಹುದು ಅಂತಾರೆ. "ಇದು ಮೋಸ, ನಿಯಮ ಮುರಿದರು" ಅಂತ ಗಲಾಟೆ ಆಯ್ತು. ನಮ್ಮ ಕಡೆ ರಾತ್ರಿಯಿಡೀ ಕುರುಕ್ಷೇತ್ರ ನಾಟಕ ಆಡ್ತಾರೆ. ಸೈಂಧವನನ್ನು ಕೊಲ್ಲೋಕೆ ಕೃಷ್ಣ ಹಾಡುಹಗಲೇ ಸೂರ್ಯನನ್ನು ಮರೆಮಾಡ್ತಾನೆ. ಅರ್ಜುನನ ಶಪಥ ಉಳಿಯೋಕೆ ಕಾಲದಲ್ಲೇ ಒಂದು ತೂತು. ಚಾಪೆ ಹಾಸಿಕೊಂಡು ಕೂತವರು ಯಾರೂ ಎದ್ದು ಪ್ಲಾಟ್ ಹೋಲ್ ಅಂದದ್ದು ನಾನು ಕೇಳಿಲ್ಲ. ಕೊನೆ ಏನಂತ ಎಲ್ಲರಿಗೂ ಗೊತ್ತು, ಆದರೂ ಅಭಿಮನ್ಯು ಒಳಗೆ ಹೋಗುವಾಗ ಹೆಂಗಸರು ಸೆರಗಿನಿಂದ ಕಣ್ಣು ಒರೆಸ್ಕೊಳ್ತಾರೆ.

ಇನ್ನೂ ಇಷ್ಟವಾದದ್ದು ವೊಲ್ಲರ್ ಅನ್ನೋ ಪೊಲೀಸಿನವನ ಕಣ್ಣು. ಅವನ ಕಣ್ಣಿಗೆ ಏನಾಯ್ತು ಅಂತ ಮೊದಲಿಂದ ಥಿಯರಿಗಳು ಹರಿದಾಡ್ತಿದ್ದವು. ಕೊನೇ ದೃಶ್ಯದಲ್ಲಿ, ಊಟದ ಮೇಜಿನ ಮುಂದೆ, ಅವನು ಹೇಳೋಕೆ ಬಾಯಿ ತೆಗೀತಾನೆ, ಕರೆಂಟ್ ಹೋಗುತ್ತೆ. ಉತ್ತರ ಇಲ್ಲ. ಅವರಿಗೂ ನಮ್ಮ ರೋಗ ಗೊತ್ತಿತ್ತು ಅನ್ನಿಸುತ್ತೆ.

ಸೀಸನ್ ಮುಗಿಸಿದ್ದು ಭಾನುವಾರ ಸಂಜೆ. ಅಪ್ಪ ಮಾಳಿಗೆಗೆ ಬಂದು ನನ್ನ ಪಕ್ಕ ಕೂತರು. "ನಿನ್ನ ಪೌತಿ ಖಾತೆ ಏನಾಯ್ತೋ?" ಅಂದರು. ನಾನು ನಕ್ಷೆ ಬಿಟ್ಟು ಬರೀ ಕೊನೆಯ ಭಾಗ ಹೇಳಿದೆ. ಟಾನ್‌ಹೌಸ್ ಅಂತ ಒಬ್ಬ ಗಡಿಯಾರ ರಿಪೇರಿ ಮಾಡೋನು. 1971ರಲ್ಲಿ ಜಗಳ ಮಾಡಿಕೊಂಡು ಮಳೇಲಿ ಹೊರಟುಹೋದ ಅವನ ಮಗ, ಸೊಸೆ, ಕೂಸು, ಮೂರೂ ಜನ ಕಾರು ಸೇತುವೆಯಿಂದ ಬಿದ್ದು ಸತ್ತುಹೋಗ್ತಾರೆ. ಅವರನ್ನು ವಾಪಸ್ ತರೋಕೆ ಅಂತ 1986ರಲ್ಲಿ ಯಂತ್ರ ಮಾಡ್ತಾನೆ. ಆ ಯಂತ್ರದಿಂದ ಲೋಕ ಒಡೆದು ಎರಡಾಗುತ್ತೆ, ನಾವು ಮೂರು ವರ್ಷ ನೋಡಿದ ಸಂಕಟವೆಲ್ಲ ಅದರೊಳಗೆ ಹುಟ್ಟಿದ್ದು. ಕೊನೆಗೆ ಆ ಲೋಕಗಳ ಒಬ್ಬ ಹುಡುಗ, ಒಬ್ಬಳು ಹುಡುಗಿ ಹಿಂದಕ್ಕೆ ಹೋಗಿ, ಸೇತುವೆ ಹತ್ತಿರ ಕಾರು ತಡೆದು ವಾಪಸ್ ಕಳಿಸ್ತಾರೆ. ಯಂತ್ರ ಮಾಡೋ ಕಾರಣವೇ ಇರಲ್ಲ. ಆಮೇಲೆ ಆ ಇಬ್ಬರೂ ಬೆಳಕಿನ ಚೂರಾಗಿ ಇಲ್ಲದಂಗಾಗ್ತಾರೆ.

ಅಪ್ಪ ಸ್ವಲ್ಪ ಹೊತ್ತು ಮೂಡಣ ಮೂಲೆ ಕಡೆ ನೋಡ್ತಾ ಕೂತರು. ಆ ಕೇಸಿಂಗ್ ಪೈಪಿನ ಬಾಯಿಗೆ ಇವತ್ತಿಗೂ ಚಪ್ಪಡಿ ಮುಚ್ಚಿದೆ.

"ಮಗ ವಾಪಸ್ ಬಂದ್ನಾ?"

"ಬಂದ. ಬಾಗಿಲು ತಟ್ಟಿದ."

"ಆ ಗಡಿಯಾರದೋನಿಗೆ ಗೊತ್ತಾಯ್ತಾ, ಏನಾಗಬೇಕಿತ್ತು ಅಂತ?"

"ಇಲ್ಲಪ್ಪ. ಅವನಿಗೆ ಹೆಂಗೆ ಗೊತ್ತಾಗುತ್ತೆ? ಏನೂ ಆಗೇ ಇಲ್ವಲ್ಲ."

"ಮತ್ತೆ ಆ ಹುಡುಗಂದು? ಅವನಿಗೂ ಅಪ್ಪ ಇದ್ದ ಅಂದಲ್ಲ ನೀನು."

ನಾನು ಬಾಯಿ ತೆಗೆಯೋ ಅಷ್ಟರಲ್ಲಿ ಕೆಳಗೆ ಸ್ಟಾರ್ಟರ್ ಪಕ್ಕದ ಬಲ್ಬು ಹತ್ತಿಕೊಂಡಿತು. ತ್ರೀಫೇಸ್ ಬಂದಿತ್ತು. ನಾಲ್ಕನೇ ಬೋರಿನಲ್ಲಿ ಒಂದು ಗಂಟೆ ಓಡಿಸೋ ಅಷ್ಟು ನೀರು ಇನ್ನೂ ಇದೆ. "ಬಂದು ಹೇಳು, ಇರು" ಅಂತ ಟಾರ್ಚು ತಗೊಂಡು ಅಪ್ಪ ಮೋಟಾರು ಹಾಕೋಕೆ ಇಳಿದು ಹೋದರು.